ಕಪ್ಪತಗುಡ್ಡದ ಬುಡದಲ್ಲಿ ನೆಲಗಪ್ಪೆಗಳ ರಾತ್ರಿ

ಮಿರಗದ ಮಳೆ ಚೆನ್ನಾಗಿ ಹೊಡೆದಿದೆ ಎಂದು ಡಂಬಳದ ಗೆಳೆಯ ಫೋನ್ ಮಾಡಿದ. ಸಂಜೆಗೇ ಗದಗದಿಂದ ಬೈಕ್ ಹತ್ತಿದೆ. 12ನೇ ಶತಮಾನದ ದೊಡ್ಡಬಸಪ್ಪನ ಗುಡಿ, ಅದರ ನಕ್ಷತ್ರಾಕಾರದ ಗೋಡೆ, ಯಾವುದಕ್ಕೂ ಈ ಸಲ ನಿಲ್ಲಲಿಲ್ಲ. ಗೆಳೆಯನನ್ನು ಕೂರಿಸಿಕೊಂಡು ಕತ್ತಲಾಗುವುದರೊಳಗೆ ಡೋಣಿ ಕಡೆ ಹೋಗಬೇಕಿತ್ತು.

ಕಪ್ಪತಗುಡ್ಡ ಎಂದರೆ ಜನಕ್ಕೆ ಔಷಧಿ ಸಸ್ಯ, ಗಾಳಿಯಂತ್ರ ನೆನಪಾಗುತ್ತವೆ. 2019ರಲ್ಲಿ ಅದು ವನ್ಯಜೀವಿಧಾಮವಾದಾಗಲೂ ತೋಳ, ಕತ್ತೆಕಿರುಬಗಳ ಮಾತೇ ಹೆಚ್ಚು. ನನಗೆ ಬೇಕಾಗಿದ್ದದ್ದು ಹೊಲದ ಬದುವಿನ ಪಕ್ಕ ನೀರು ನಿಂತ ಒಂದು ತಗ್ಗು.

ತಗ್ಗು ಕಾಣುವ ಮೊದಲೇ ಕೂಗು ಕೇಳಿತು. ಕುರ್‍ರ್‍ರ್ ಎಂದು ಎಳೆದ ಒಂದೇ ಸ್ವರ, ಹತ್ತಾರು ಗಂಟಲಿನಿಂದ. ಕೂಗುವವು ಗಂಡುಗಳು ಮಾತ್ರ. ಟಾರ್ಚ್ ಬಿಟ್ಟರೆ ನೀರಿನ ಅಂಚಿನಲ್ಲಿ ಗಂಟಲು ಉಬ್ಬಿಸಿಕೊಂಡು ಕೂತಿದ್ದವು. ಕಣ್ಣಿನ ಮೇಲೆ ಕಪ್ಪು ಏಣು, ಮೈತುಂಬ ಕಪ್ಪು ತುದಿಯ ಗಂಟುಗಳು. ನಮ್ಮ ಬಚ್ಚಲುಮನೆಯ ಹತ್ತಿರ ಕಾಣುವ ಅದೇ ನೆಲಗಪ್ಪೆ. 1799ರಲ್ಲಿ ಷ್ನೈಡರ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಈಗಿನ ಕುಲನಾಮ ಡಟ್ಟಾಫ್ರೈನಸ್ ನಮ್ಮ ದೇಶದ ಕಪ್ಪೆ ವಿಜ್ಞಾನಿ ಸುಶೀಲ್ ಕುಮಾರ್ ದತ್ತಾ ಅವರ ಗೌರವಾರ್ಥ ಬಂದದ್ದು.

ಬೆಳಕು ಕಂಡು ಹೊಲದ ಹಿರಿಯರು ಬಂದರು. “ಏನ್ ಹುಡುಕಾಕತ್ತೀರಿ ತಮ್ಮಾ? ಕಪ್ಪಿ ಮುಟ್ಟಬ್ಯಾಡ್ರಿ, ನರೂಲಿ ಏಳತಾವು.”

“ನರೂಲಿ ಇದರಿಂದ ಬರೂದಿಲ್ಲ ಕಾಕಾ, ಅದು ಬ್ಯಾರೆ ವೈರಸ್ಸಿನ ಕೆಲಸ. ಆದ್ರ ವಿಷ ಐತಿ ಅನ್ನೋದು ಖರೆ.”

ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿಗಳನ್ನು ತೋರಿಸಿದೆ. ಹಿಸುಕಿದರೆ ಹಾಲಿನಂಥ ದ್ರವ ಬರುತ್ತದೆ. ಬಾಯಿಗೆ, ಕಣ್ಣಿಗೆ ತಾಗಬಾರದು. “ಹಂಗಾರ ನಮ್ಮ ನಾಯಿ ಕಪ್ಪಿ ಕಚ್ಚಿ ಬುರುಗು ಕಾರಿದ್ದು ಇದಕ್ಕ ಏನು!” ಎಂದು ಕಾಕಾ ಅಲ್ಲೇ ಬದುವಿನ ಮೇಲೆ ಕೂತರು. ಹೆಸರು ಬಿತ್ತಿದ ಹೊಲದಲ್ಲಿ ಇವು ಗೆದ್ದಲು, ಇರುವೆ, ದುಂಬಿ ತಿನ್ನುವುದನ್ನು ನನಗಿಂತ ಹೆಚ್ಚು ಅವರೇ ನೋಡಿದ್ದರು.

ಬೇಸಿಗೆಯಲ್ಲಿ ಇವು ಕಲ್ಲಿನ ಅಡಿ, ಬಿಲ ಸೇರಿ ದಿನ ದೂಡುತ್ತವೆ. ಬಾಯಿಂದ ನೀರು ಕುಡಿಯುವುದಿಲ್ಲ, ಹಸಿ ಮಣ್ಣಿಗೆ ಹೊಟ್ಟೆ ಒತ್ತಿ ಚರ್ಮದಿಂದಲೇ ಹೀರುತ್ತವೆ. ಮಳೆ ಬಿದ್ದೊಡನೆ ಹೊರಬಿದ್ದು ನೀರು ಹುಡುಕುತ್ತವೆ. ನಾವು ನೋಡುತ್ತಿದ್ದಂತೆ ಒಂದು ಹೆಣ್ಣು ಬೆನ್ನ ಮೇಲೆ ಗಂಡನ್ನು ಹೊತ್ತು ಹುಲ್ಲಿನ ನಡುವೆ ಮೊಟ್ಟೆ ಬಿಡುತ್ತಿತ್ತು. ಲೋಳೆಯ ಎರಡು ದಾರ, ಒಳಗೆ ಕರಿಮಣಿ ಪೋಣಿಸಿದಂತೆ ಮೊಟ್ಟೆಗಳು. ಗೊದಮೊಟ್ಟೆಗಳಿಗೆ ಕಾಲು ಮೂಡಿ ಬಾಲ ಕರಗಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ತಗ್ಗು ಒಣಗಿದರೆ ಇಡೀ ಸಂತಾನ ಹೋಯಿತು. ಒಂದೊಂದು ಸಲ ಸಾವಿರಾರು ಮೊಟ್ಟೆ ಇಡುವುದು ಅದಕ್ಕೇ. ನಾವು ಕೆಲಸಕ್ಕೆ ಬಾರದ್ದೆಂದು ಮೊರಂ ಹಾಕಿ ಮುಚ್ಚುವ ಇಂಥ ತಗ್ಗುಗಳು, ನನ್ನ ಮಟ್ಟಿಗೆ, ಗುಡ್ಡದಷ್ಟೇ ಕಾಪಾಡಬೇಕಾದವು.

ವಾಪಸ್ ಬರುವಾಗ ಡಾಂಬರಿನ ಮೇಲೆಲ್ಲ ಕಪ್ಪೆ. ಇವು ದೂರ ನೆಗೆಯುವುದಿಲ್ಲ, ಗಿಡ್ಡ ಕುಪ್ಪಳಿಕೆ ಇಟ್ಟು ನಿಧಾನ ದಾಟುತ್ತವೆ, ಬೆಳಕು ಬಿದ್ದರೆ ಅಲ್ಲೇ ಕೂತುಬಿಡುತ್ತವೆ. ಗೆಳೆಯ ಇಳಿದು ಟಾರ್ಚ್ ಹಿಡಿದು ಮುಂದೆ ನಡೆದ, ನಾನು ಅವನ ಹಿಂದೆ ಮೊದಲ ಗೇರಿನಲ್ಲಿ ಬೈಕ್ ಬಿಟ್ಟೆ. ಡಂಬಳ ಮುಟ್ಟುವಾಗ ಊರು ಮಲಗಿತ್ತು, ಅವನ ಅವ್ವ ಮಾತ್ರ ಸಜ್ಜಿ ರೊಟ್ಟಿ ಮುಚ್ಚಿಟ್ಟು ಕಾಯುತ್ತಿದ್ದರು.