ಹಿಲರಿ ಹಿಂದೆ ಸರಿದರು ಅಂತ ನಾನು ಪಟ್ಟಿ ಬಿಟ್ಟ ಬೆಳಿಗ್ಗೆ

2024ರ ಮಾರ್ಚ್ ಮೊದಲ ವಾರ. ಅಮೆರಿಕದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರು ಅನ್ನುವ ಒಳಸ್ಪರ್ಧೆಯಲ್ಲಿ ನಿಕ್ಕಿ ಹೇಲಿ ಟ್ರಂಪ್ ಎದುರು ಹೆಚ್ಚುಕಮ್ಮಿ ಎಲ್ಲ ಕಡೆ ಸೋಲುತ್ತಲೇ ಬಂದಿದ್ದರು. ನಮ್ಮ ಡೆಸ್ಕಿಗೆ ಹೊಸದಾಗಿ ಸೇರಿದ ಹುಡುಗ ಕಾಪಿ ಬರೆಯುತ್ತಾ ಕೇಳಿದ: ‘ಮೇಡಂ, ಗೆಲ್ಲಲ್ಲ ಅಂತ ಗೊತ್ತಿದ್ದೂ ಇವರು ಯಾಕೆ ಬಿಡಲ್ಲ? ಸುಮ್ನೆ ಎಲ್ಲರ ಟೈಮ್ ವೇಸ್ಟ್ ಅಲ್ವಾ?’

ನಾನು ತಕ್ಷಣ ಏನೂ ಹೇಳಲಿಲ್ಲ. ಹದಿನಾರು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾನೇ ಉತ್ತರ ಕೊಟ್ಟುಬಿಟ್ಟಿದ್ದೆ. ಅದೂ ಟಿವಿ ಪರದೆಯ ಮೇಲೆ, ಕೆಂಪು ಪಟ್ಟಿಯಲ್ಲಿ. ಅದು ಇವತ್ತಿಗೂ ಚುಚ್ಚುತ್ತದೆ.

2008ರ ಮೇ ತಿಂಗಳು. ಅಮೆರಿಕದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮ ನಡುವೆ ಪೈಪೋಟಿ. ನಾನಾಗ ಬೆಂಗಳೂರಿನ ಒಂದು ನ್ಯೂಸ್ ಚಾನೆಲ್‌ನಲ್ಲಿ ನೈಟ್ ಶಿಫ್ಟ್ ಮಾಡುತ್ತಿದ್ದೆ. ವಿಧಾನಸಭೆ ಚುನಾವಣೆ ಮೇ 10, 16, 22ಕ್ಕೆ ಮೂರು ಹಂತದಲ್ಲಿ ನಿಗದಿಯಾಗಿತ್ತು. ಲೈವ್ ಕಳಿಸುವ ಓಬಿ ವ್ಯಾನ್‌ಗಳೆಲ್ಲ ಜಿಲ್ಲೆಗಳಲ್ಲಿ. ಇನ್‌ಪುಟ್‌ನಲ್ಲಿ ಫೋನ್ ಕೆಳಗಿಡಲು ಪುರುಸೊತ್ತಿಲ್ಲ. ‘ಅಮೆರಿಕದ್ದು ನೀನೊಬ್ಳೇ ನೋಡ್ಕೋಮ್ಮ’ ಅಂತ ಪ್ರಸಾರ ನೋಡಿಕೊಳ್ಳುವ ಔಟ್‌ಪುಟ್ ಹೆಡ್ ಹೇಳಿದ್ದರು. ಸಿಎನ್‌ಎನ್ ಬರುವ ಒಂದೇ ಒಂದು ಟಿವಿ. ಏಜೆನ್ಸಿ ವೈರ್ ನೋಡಲು ಸ್ಪೋರ್ಟ್ಸ್ ಡೆಸ್ಕಿನ ಜೊತೆ ಹಂಚಿಕೊಂಡ ಒಂದು ಕಂಪ್ಯೂಟರ್. ಒಂದು ಪಟ್ಟಿ ಬಿಡಲು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಕನ್ವರ್ಟ್ ಮಾಡಿ, ಒತ್ತಕ್ಷರ ಒಡೆದಿದೆಯಾ ಅಂತ ಕಣ್ಣಿಟ್ಟು ನೋಡಿ, ಪ್ರಸಾರ ನಿಯಂತ್ರಿಸುವ ಕೋಣೆಯಾದ ಪಿಸಿಆರ್‌ಗೆ ಕಳಿಸಬೇಕಿತ್ತು. ಇನ್ನೊಬ್ಬರನ್ನು ಕೊಡಿ ಅಂತ ಎರಡು ಸಲ ಕೇಳಿದ್ದೆ. ಎಲೆಕ್ಷನ್ ಮುಗೀಲಿ ನೋಡೋಣ ಅಂದಿದ್ದರು.

ಏಪ್ರಿಲ್ ಪೂರ್ತಿ ನಾನು ಬರೆದಿದ್ದು ಟಿಕೆಟ್ ಸುದ್ದಿ. ರಾತ್ರಿ ದೆಹಲಿಯಿಂದ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಬೆಳಿಗ್ಗೆ ಬಂಡಾಯ ಏಳುತ್ತದೆ. ಬಂಡಾಯದವರು ಪಕ್ಷೇತರರಾಗಿ ನಾಮಪತ್ರ ಹಾಕುತ್ತಾರೆ. ದೊಡ್ಡ ನಾಯಕರು ಅವರ ಮನೆಗೆ ಹೋಗಿ ಕಾಫಿ ಕುಡಿಯುತ್ತಾರೆ, ಎಂಎಲ್‌ಸಿ ಮಾಡ್ತೀವಿ ಅಂತಾರೆ, ನಿಗಮ ಮಂಡಳಿ ಕೊಡ್ತೀವಿ ಅಂತಾರೆ. ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ನಾಮಪತ್ರ ವಾಪಸ್. ಈ ಕಥೆಯನ್ನು ಆ ತಿಂಗಳು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಬರೆದೂ ಬರೆದೂ ನನ್ನ ತಲೆಯಲ್ಲಿ ಒಂದು ಅಚ್ಚು ಬಿದ್ದುಬಿಟ್ಟಿತ್ತು. ಹಿಂದೆ ಬಿದ್ದವರನ್ನು ಯಾರಾದರೂ ಕೂರಿಸಿ ಮಾತಾಡುತ್ತಾರೆ, ಅವರು ಸರಿಯುತ್ತಾರೆ. ಅಮೆರಿಕದ ಸ್ಪರ್ಧೆಯನ್ನೂ ನಾನು ಅದೇ ಅಚ್ಚಿಗೆ ಹಾಕಿ ನೋಡುತ್ತಿದ್ದೆ.

ಲೆಕ್ಕವೂ ನನ್ನ ಕಡೆಗೇ ಇತ್ತು. ಫೆಬ್ರವರಿಯಲ್ಲಿ, ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಸೂಪರ್ ಟ್ಯೂಸ್‌ಡೇ ಆದ ಮೇಲೆ ಒಬಾಮ ಸತತ ಹನ್ನೊಂದು ಕಡೆ ಗೆದ್ದಿದ್ದರು. ಡೆಮಾಕ್ರಟಿಕ್ ಪಕ್ಷದಲ್ಲಿ ಗೆದ್ದವರಿಗೇ ಇಡೀ ರಾಜ್ಯ ಸಿಗುವುದಿಲ್ಲ. ಶೇ 15ರಷ್ಟು ಮತ ದಾಟಿದವರಿಗೆಲ್ಲ ಮತದ ಪ್ರಮಾಣದಲ್ಲಿ ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ಹಂಚಿಕೆಯಾಗುತ್ತಾರೆ. ಹಾಗಾಗಿ ಒಮ್ಮೆ ಹಿಂದೆ ಬಿದ್ದರೆ ಮೇಲೆ ಬರುವುದು ಭಾರಿ ಕಷ್ಟ. ಏಪ್ರಿಲ್ 22ರಂದು ಪೆನ್ಸಿಲ್ವೇನಿಯಾದಂಥ ದೊಡ್ಡ ರಾಜ್ಯವನ್ನು ಹಿಲರಿ ಒಂಬತ್ತು ಪಾಯಿಂಟ್ ಅಂತರದಿಂದ ಗೆದ್ದರು. ಅಷ್ಟು ಮಾಡಿಯೂ ಒಬಾಮಗಿಂತ ಜಾಸ್ತಿ ಸಿಕ್ಕಿದ್ದು ಹತ್ತು ಹನ್ನೆರಡು ಡೆಲಿಗೇಟ್‌ಗಳು ಮಾತ್ರ. ಅಂತರ ಇದ್ದದ್ದು ನೂರರ ಮೇಲೆ. ಮಾರ್ಚ್ ಕೊನೆಯಲ್ಲೇ ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ ಹಿಲರಿ ಸರಿಯಬೇಕು ಅಂತ ಬಹಿರಂಗವಾಗಿ ಹೇಳಿದ್ದರು. ನನಗೂ ಹಾಗೇ ಅನಿಸಿತ್ತು. ಗೆಲ್ಲದ ಆಟ, ಯಾಕೆ ಎಳೆಯಬೇಕು?

ಮೇ 6ರ ಮಂಗಳವಾರ ನಾರ್ತ್ ಕೆರೊಲಿನಾ, ಇಂಡಿಯಾನಾ ಎರಡೂ ಕಡೆ ಮತದಾನ. ಅಲ್ಲಿ ಮತದಾನ ಮುಗಿಯುವಾಗ ನಮಗೆ ಬುಧವಾರ ಬೆಳಗಿನ ಜಾವ. ಐದು ಗಂಟೆಗೆ ನಾರ್ತ್ ಕೆರೊಲಿನಾ ಒಬಾಮಗೆ ಅಂತ ಬಂತು. ಇಂಡಿಯಾನಾದಲ್ಲಿ ಹಿಲರಿ ಮುಂದಿದ್ದರು, ಆದರೆ ಗಂಟೆಗಂಟೆಗೂ ಅಂತರ ಕರಗುತ್ತಿತ್ತು. ಷಿಕಾಗೋ ಪಕ್ಕದ ಲೇಕ್ ಕೌಂಟಿಯ ಎಣಿಕೆ ಮಾತ್ರ ಬರುತ್ತಲೇ ಇಲ್ಲ. ಅಲ್ಲಿ ಗ್ಯಾರಿ ಅನ್ನುವ ಊರಿದೆ, ಕಪ್ಪು ಜನರು ಹೆಚ್ಚಿರುವ ಊರು. ಅಲ್ಲಿನ ಮತ ಒಬಾಮಗೆ ಅಂತ ಎಲ್ಲರೂ ಹೇಳುತ್ತಿದ್ದರು.

ನನ್ನ ಶಿಫ್ಟ್ ಏಳಕ್ಕೇ ಮುಗಿದಿತ್ತು. ಬೆಳಗಿನವರು ಬಂದವರೇ ಪ್ರಚಾರದ ಲೈವ್‌ಗೆ ಹೋದರು. ನಾನು ಉಳಿದೆ. ಯಾರೂ ಉಳಿ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಒಂಬತ್ತೂವರೆ ಆದಮೇಲೆ ವೈರ್‌ನಲ್ಲಿ ಒಂದು ಸಾಲು ಬಂತು. ಮರುದಿನ ಬೆಳಗಿನ ಟಿವಿ ಕಾರ್ಯಕ್ರಮಗಳಿಗೆ ಹಿಲರಿ ಬರುವುದಿಲ್ಲ, ರದ್ದು ಮಾಡಿದ್ದಾರೆ ಅಂತ. ಅಷ್ಟೊತ್ತಿಗೆ ಎನ್‌ಬಿಸಿಯ ಹಿರಿಯ ರಾಜಕೀಯ ಪತ್ರಕರ್ತ ಟಿಮ್ ರಸರ್ಟ್, ಡೆಮಾಕ್ರಟಿಕ್ ಅಭ್ಯರ್ಥಿ ಯಾರು ಅನ್ನುವುದು ಈಗ ಗೊತ್ತಾಯಿತು ಅಂತ ಹೇಳಿದ್ದೂ ಹರಿದಾಡುತ್ತಿತ್ತು. ನನ್ನ ತಲೆಯಲ್ಲಿ ಆ ಅಚ್ಚು ಕೆಲಸ ಮಾಡಿತು. ಕಾರ್ಯಕ್ರಮ ರದ್ದು ಅಂದರೆ ಮನೆಗೆ ಯಾರೋ ಬಂದಿದ್ದಾರೆ, ಮಾತುಕತೆ ನಡೆದಿದೆ, ಮಧ್ಯಾಹ್ನದೊಳಗೆ ಪತ್ರಿಕಾಗೋಷ್ಠಿ. ಅವತ್ತು ಬೆಳಿಗ್ಗೆಯೇ ಇಂಡಿಯಾನಾಪೊಲಿಸ್‌ನಲ್ಲಿ ನಿಂತು ಅವರು ಮುಂದಕ್ಕೆ ಹೋಗುತ್ತೇನೆ ಅಂದಿದ್ದನ್ನು ನಾನೇ ಲೈವ್‌ನಲ್ಲಿ ನೋಡಿದ್ದೆ. ಆದರೂ ಬಂಡಾಯದವರೂ ಹಿಂದಿನ ರಾತ್ರಿವರೆಗೆ ಹಾಗೇ ಅಲ್ವಾ ಹೇಳೋದು ಅಂದುಕೊಂಡೆ.

‘ಕಣದಿಂದ ಹಿಂದೆ ಸರಿದ ಹಿಲರಿ’ ಅಂತ ಟೈಪ್ ಮಾಡಿದೆ. ಔಟ್‌ಪುಟ್ ಹೆಡ್ ಫೋನಿನಲ್ಲಿದ್ದರು. ಪರದೆ ತೋರಿಸಿದೆ. ‘ಬೇರೆಯವರು ಹಾಕಿದ್ದಾರಾ?’ ಅಂದರು. ಇಲ್ಲ ಅಂದೆ. ‘ಹಂಗಾದ್ರೆ ಬೇಗ ಬಿಡು’ ಅಂದರು.

ಪಟ್ಟಿ ಹೋಯಿತು. ಮೊದಲ ಎರಡು ಮೂರು ನಿಮಿಷ ನನಗೆ ಹೆಮ್ಮೆಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಸಿಎನ್‌ಎನ್ ಕಡೆ ನೋಡಿದೆ. ಅಲ್ಲಿ ಯಾರೂ ಆ ಮಾತು ಆಡುತ್ತಿರಲಿಲ್ಲ. ಲೇಕ್ ಕೌಂಟಿಯ ನಕ್ಷೆ ಮುಂದಿಟ್ಟುಕೊಂಡು ಇನ್ನೂ ಎಣಿಸುತ್ತಿದ್ದರು. ವೈರ್ ರಿಫ್ರೆಶ್ ಮಾಡಿದೆ. ಏನೂ ಇಲ್ಲ. ಮತ್ತೆ ಮಾಡಿದೆ. ಈಗ ಬರುತ್ತೆ, ಈಗ ಬರುತ್ತೆ ಅಂತ ಮೌಸ್ ಹಿಡಿದೇ ಕೂತಿದ್ದೆ. ಅಂಗೈ ಬೆವರಿತ್ತು. ನನ್ನ ಪಟ್ಟಿ ನಮ್ಮ ಚಾನೆಲ್‌ನಲ್ಲಿ ತಿರುಗುತ್ತಲೇ ಇತ್ತು.

ಆಗ ಡೆಸ್ಕ್ ಫೋನ್ ರಿಂಗಾಯಿತು. ಮೈಸೂರಿನಿಂದ ಒಬ್ಬ ಹಿರಿಯ ಹೆಂಗಸು. ಮಗಳು ಇಂಡಿಯಾನಾದಲ್ಲಿದ್ದಾಳಂತೆ. ಈಗಷ್ಟೇ ಫೋನಿನಲ್ಲಿ ಮಾತಾಡಿದರಂತೆ.

‘ಅಲ್ಲಮ್ಮಾ, ಅಲ್ಲಿ ಇನ್ನೂ ಎಣಿಸ್ತಾನೇ ಇದ್ದಾರಂತೆ. ನೀವು ಬಿಟ್ಟರು ಅಂತ ಹಾಕಿದ್ದೀರಲ್ಲ. ಅವರೇ ಹೇಳಿದರಾ?’

ನಾನು ಏಜೆನ್ಸಿ ಅಂದೆ. ಮೂಲಗಳು ಅಂದೆ. ಅವರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮತ್ತೆ ಅದನ್ನೇ ಕೇಳಿದರು. ದನಿ ಎತ್ತಲಿಲ್ಲ, ಬೈಯಲಿಲ್ಲ. ‘ಅದೆಲ್ಲ ಸರಿ ಕಣಮ್ಮ. ಅವರೇ ಹೇಳಿದರಾ ಅಂತ ಕೇಳಿದೆ.’

ಇಲ್ಲ ಅಂದೆ. ಫೋನ್ ಇಟ್ಟು ಪಿಸಿಆರ್‌ಗೆ ಓಡಿದೆ. ಪಟ್ಟಿ ತೆಗೆಸುವಷ್ಟರಲ್ಲಿ ಹನ್ನೆರಡು ನಿಮಿಷ ಓಡಿತ್ತು. ಸ್ವಲ್ಪ ಹೊತ್ತಿಗೆಲ್ಲ ಇಂಡಿಯಾನಾ ಹಿಲರಿಗೇ ಅಂತ ಬಂತು. ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಮತ ಚಲಾವಣೆಯಾದ ಕಡೆ ಹದಿನಾಲ್ಕು ಸಾವಿರ ಚಿಲ್ಲರೆ ಮತಗಳ ಗೆಲುವು. ಕಣದಿಂದ ಸರಿದರು ಅಂತ ನಾನು ಹಾಕಿದ್ದವರು ಒಂದು ರಾಜ್ಯ ಗೆದ್ದಿದ್ದರು.

ತಿದ್ದುಪಡಿ ಹಾಕೋಣ ಅಂತ ಕೇಳಿದೆ. ಬೇಡ ಅಂದರು. ಯಾರು ನೋಡಿದ್ದಾರೆ ಬಿಡು, ಜನ ಎಲ್ಲ ಶಿಕಾರಿಪುರ ನೋಡ್ತಿದ್ದಾರೆ ಅಂದರು. ಅದೇ ದಿನ 1972ರಲ್ಲಿ ಪಕ್ಷದ ಅಭ್ಯರ್ಥಿಯಾಗಿದ್ದ, ಅಲ್ಲಿವರೆಗೂ ಹಿಲರಿ ಪರವಿದ್ದ ಜಾರ್ಜ್ ಮೆಕ್‌ಗವರ್ನ್ ಅವರೇ ಹಿಲರಿ ಸರಿಯಬೇಕು ಅಂತ ಹೇಳಿದಾಗ ನಮ್ಮವರಿಗೆ ಇನ್ನೂ ಧೈರ್ಯ ಬಂತು. ‘ನೋಡು, ಎರಡು ದಿನ ಮುಂಚೆ ಹೇಳಿದ್ದೀವಿ ಅಷ್ಟೇ.’ ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ಆಗುತ್ತಿತ್ತು ಅಂತ ಗ್ರಾಫಿಕ್ಸ್‌ನವರು ಸಮಾಧಾನ ಮಾಡಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಇವತ್ತೂ ಆಗುವುದಿಲ್ಲ. ಚಿಹ್ನೆ ಹಾಕಿದರೆ ನಮ್ಮ ಊಹೆ ಸುದ್ದಿಯಾಗುವುದಿಲ್ಲ. ಮೈಸೂರಿನ ಆ ಅಮ್ಮನಿಗೆ ತಿದ್ದುಪಡಿ ಸಿಗಬೇಕಿತ್ತು. ಸಿಗಲಿಲ್ಲ.

ಆ ಬುಧವಾರವೇ ಹಿಲರಿ ವೆಸ್ಟ್ ವರ್ಜೀನಿಯಾದ ಶೆಫರ್ಡ್ಸ್‌ಟೌನ್‌ಗೆ ಹೋಗಿ, ಅಭ್ಯರ್ಥಿ ತೀರ್ಮಾನ ಆಗುವವರೆಗೂ ಇರುತ್ತೇನೆ ಅಂದರು. ಆರು ದಿನ ಬಿಟ್ಟು ಆ ರಾಜ್ಯವನ್ನು 41 ಪಾಯಿಂಟ್ ಅಂತರದಲ್ಲಿ ಗೆದ್ದರು. ಆಮೇಲೆ ಕೆಂಟಕಿ. ಜೂನ್ 1ರಂದು ಪೋರ್ಟೊ ರಿಕೊ. ಜೂನ್ 3ರ ಕೊನೆಯ ದಿನ ಸೌತ್ ಡಕೋಟಾ. ಸೌತ್ ಡಕೋಟಾ ಅಂದರೆ ಬಿಡಿ ಅಂದಿದ್ದ ಮೆಕ್‌ಗವರ್ನ್ ಅವರದೇ ರಾಜ್ಯ.

ಈ ಒಂದು ತಿಂಗಳನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಆಗ ಗೊತ್ತಾಯಿತು. ನನ್ನ ಲೆಕ್ಕ ಸರಿ ಇತ್ತು, ಒಬಾಮ ಅವರೇ ಅಭ್ಯರ್ಥಿ ಆದರು. ತಪ್ಪಿದ್ದು ಬೇರೆ ಕಡೆ. ರಾಜ್ಯಗಳಲ್ಲಿ ಗೆದ್ದ ಡೆಲಿಗೇಟ್‌ಗಳಷ್ಟರಿಂದಲೇ ಅಭ್ಯರ್ಥಿಯಾಗಲು ಬೇಕಾದ ಸಂಖ್ಯೆಯ ಗೆರೆ ದಾಟಲು ಇಬ್ಬರಿಗೂ ಆಗುತ್ತಿರಲಿಲ್ಲ. ಸುಮಾರು 800 ಸೂಪರ್ ಡೆಲಿಗೇಟ್‌ಗಳು ಪಕ್ಷದ ನಾಯಕರೇ, ಅವರು ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದಿತ್ತು. ಗೆರೆ ಕೂಡ ಒಂದೇ ಕಡೆ ಇರಲಿಲ್ಲ. ನಿಯಮ ಮೀರಿ ಮತದಾನವನ್ನು ನಿಗದಿಗಿಂತ ಮುಂಚೆಯೇ ಇಟ್ಟುಕೊಂಡಿದ್ದಕ್ಕೆ ಫ್ಲಾರಿಡಾ, ಮಿಷಿಗನ್ ರಾಜ್ಯಗಳನ್ನು ಪಕ್ಷ ಲೆಕ್ಕದಿಂದಲೇ ಹೊರಗಿಟ್ಟಿತ್ತು. ಮೇ 31ರಂದು ಆ ರಾಜ್ಯಗಳ ಡೆಲಿಗೇಟ್‌ಗಳಿಗೆ ತಲಾ ಅರ್ಧ ಮತ ಕೊಟ್ಟರು. 2,025 ಇದ್ದ ಗೆರೆ 2,118 ಆಯಿತು. ಇನ್ನೂ ಹೀಗೆ ಅಳತೆಯೇ ಬದಲಾಗುತ್ತಿದ್ದಾಗ ಹೋಗಿ ಅಂತ ಹೇಳಲು ನಾನ್ಯಾರು?

ಅದಕ್ಕಿಂತ ನನಗೆ ನಾಟಿದ್ದು ಆ ಕೊನೆಯ ರಾಜ್ಯಗಳ ಜನ. ಅವರ ಸರದಿ ಬರುವಷ್ಟರಲ್ಲಿ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತದೆ. ಆ ವರ್ಷ ಅವರ ಊರಿಗೂ ಅಭ್ಯರ್ಥಿಗಳು ಬಂದರು, ಅವರ ಮತಕ್ಕೂ ಬೆಲೆ ಬಂತು. ಒಳಜಗಳ ಪಕ್ಷವನ್ನು ಮುಳುಗಿಸುತ್ತದೆ ಅಂತ ಹೇಳುವವರ ಮಾತಿಗೂ ಆಧಾರ ಇದೆ. 1980ರಲ್ಲಿ ಟೆಡ್ ಕೆನಡಿ ತಮ್ಮದೇ ಪಕ್ಷದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎದುರು ಸೋತ ಆಟವನ್ನು ನ್ಯೂಯಾರ್ಕ್ ಸಮಾವೇಶದವರೆಗೂ ಎಳೆದರು, ನವೆಂಬರ್‌ನಲ್ಲಿ ಕಾರ್ಟರ್ ಸೋತರು. ಆದರೆ 2008ರ ನವೆಂಬರ್‌ನಲ್ಲಿ ಒಬಾಮ ಇಂಡಿಯಾನಾವನ್ನೂ ಗೆದ್ದರು. 1964ರ ನಂತರ ಆ ರಾಜ್ಯ ಡೆಮಾಕ್ರಟಿಕ್ ಅಭ್ಯರ್ಥಿಗೆ ಸಿಕ್ಕಿದ್ದು ಅದೇ ಮೊದಲು. ಮೇ ತಿಂಗಳಲ್ಲಿ ಅಲ್ಲಿ ಊರೂರಲ್ಲಿ ಅವರ ಪ್ರಚಾರದವರು ಓಡಾಡಿದ್ದು ಸುಮ್ನೆ ಹೋಗಲಿಲ್ಲ ಅಂತಲೇ ನಾನು ನಂಬಿದ್ದೇನೆ.

ಹಿಲರಿ ನಿಲ್ಲಿಸಿದ್ದು ಜೂನ್ 7ರ ಶನಿವಾರ, ವಾಷಿಂಗ್ಟನ್‌ನಲ್ಲಿ. ಅಷ್ಟರಲ್ಲಿ ಕೈಯಿಂದಲೇ 1.1 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಪ್ರಚಾರಕ್ಕೆ ಸಾಲವಾಗಿ ಹಾಕಿದ್ದರು. ನಮಗದು ರಾತ್ರಿ. ನಾನು ರಜೆ ಇದ್ದರೂ ಬಂದು ಕೂತಿದ್ದೆ. ಪಟ್ಟಿ ಮೊದಲೇ ಟೈಪ್ ಮಾಡಿಟ್ಟಿದ್ದೆ. ಒಂದೇ ಒಂದು ಶಬ್ದದ ಬಗ್ಗೆ ಅನುಮಾನ ಇತ್ತು. ಅವರು ಬಳಸುವ ಶಬ್ದ ಸಸ್ಪೆಂಡ್. ನಮ್ಮ ಡೆಸ್ಕಿನಲ್ಲಿ ಸಸ್ಪೆಂಡ್ ಅಂದರೆ ಅಮಾನತು, ಅದು ತಹಶೀಲ್ದಾರರಿಗೆ, ಪಿಎಸ್‌ಐಗೆ. ಇಲ್ಲಿ ಹೊಂದುವುದಿಲ್ಲ. ನಿವೃತ್ತಿಯೂ ಅಲ್ಲ, ವಾಪಸ್ಸೂ ಅಲ್ಲ. ಪ್ರಚಾರ ನಿಲ್ಲಿಸುತ್ತಾರೆ, ಆದರೆ ಗೆದ್ದ ಡೆಲಿಗೇಟ್‌ಗಳು ಅವರ ಜೊತೆಗೇ ಇರುತ್ತಾರೆ, ಸಾಲ ತೀರಿಸಲು ಹಣವನ್ನೂ ಎತ್ತಬಹುದು. ಕೊನೆಗೆ ‘ಸ್ಥಗಿತ’ ಅಂತ ಇಟ್ಟೆ. ಅವರು ವೇದಿಕೆಗೆ ಬಂದು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಆ ಶಬ್ದವನ್ನು ಬಾಯಿಂದ ಆಡುವವರೆಗೂ ಎಂಟರ್ ಒತ್ತಲಿಲ್ಲ. ಪಿಸಿಆರ್‌ನಿಂದ ಎರಡು ಸಲ ‘ಬಿಡ್ತೀರಾ?’ ಅಂತ ಕೇಳಿದರು. ತಡೀರಿ ಅಂದೆ. ಬೇರೆ ಚಾನೆಲ್‌ನಲ್ಲಿ ನಮಗಿಂತ ಮುಂಚೆ ಬಂತು. ಮಾರನೇ ದಿನ ಮೀಟಿಂಗ್‌ನಲ್ಲಿ ಅದಕ್ಕೆ ಬೈಸಿಕೊಂಡೆ ಕೂಡ.

ಹೇಲಿ ವಿಷಯಕ್ಕೆ ಬರುತ್ತೇನೆ. ಆ ಹುಡುಗನಿಗೆ ಇದನ್ನೆಲ್ಲ ಕ್ಯಾಂಟೀನ್‌ನಲ್ಲಿ ಕೂರಿಸಿಕೊಂಡು ಹೇಳಿದೆ. ಮಾರ್ಚ್ 6ರ ರಾತ್ರಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹೇಲಿ ಮಾತಾಡಲಿದ್ದರು. ನಿಲ್ಲಿಸುತ್ತಾರೆ ಅಂತ ಮುಂಚೆಯೇ ಎಲ್ಲ ಕಡೆ ಬಂದಿತ್ತು. ಅವನು ‘ಪ್ರಚಾರ ಸ್ಥಗಿತಗೊಳಿಸಲಿದ್ದಾರೆ: ವರದಿ’ ಅಂತ ಬಿಟ್ಟು, ಇನ್ನೊಂದು ಪಟ್ಟಿ ಇಟ್ಟುಕೊಂಡು ಕಾದ. ಹೇಲಿ ಹೇಳಿದ ಮೇಲೆ ಬದಲಿಸಿದ. ಟ್ರಂಪ್‌ಗೆ ಅವತ್ತು ಬೆಂಬಲ ಘೋಷಿಸಲಿಲ್ಲ ಅನ್ನುವುದನ್ನೂ ತಾನೇ ಗಮನಿಸಿ ಸೇರಿಸಿದ.

ಏಪ್ರಿಲ್ 24ರಂದು, ನಮ್ಮಲ್ಲಿ ಲೋಕಸಭೆಯ ಮತದಾನಕ್ಕೆ ಎರಡೇ ದಿನ ಇದ್ದಾಗ, ಅವನು ನನ್ನ ಟೇಬಲ್ಲಿಗೆ ಒಂದು ಪ್ರಿಂಟೌಟ್ ತಂದ. ಹಿಂದಿನ ದಿನ ಪೆನ್ಸಿಲ್ವೇನಿಯಾದಲ್ಲಿ ನಡೆದ ರಿಪಬ್ಲಿಕನ್ ಪ್ರೈಮರಿಯ ಎಣಿಕೆ. ಹೇಲಿ ಬಿಟ್ಟು ಆರು ವಾರ ದಾಟಿತ್ತು. ಅವರ ಹೆಸರಿನ ಮುಂದೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ. ಆ ಅಂಕಿಯ ಕೆಳಗೆ ಅವನು ಪೆನ್ನಿನಲ್ಲಿ ಗೆರೆ ಎಳೆದಿದ್ದ. ‘ಮೇಡಂ, ಇದನ್ನ ತಗೊಳೋಣ್ವಾ?’ ಅಂದ. ರನ್‌ಡೌನ್‌ನಲ್ಲಿ ಜಾಗವೇ ಇರಲಿಲ್ಲ. ರೋಡ್ ಶೋ ಒಂದನ್ನು ಕತ್ತರಿಸಿ ಹದಿನೆಂಟು ಸೆಕೆಂಡ್ ಮಾಡಿಕೊಟ್ಟೆ.