ಬಯಲಾಟದ ಲೈವ್: ಚಿತ್ರ ನಿಂತರೂ ಪದ ನಿಲ್ಲಬಾರದು

ಕೊಪ್ಪದ ಹತ್ತಿರದ ನಮ್ಮ ಊರಲ್ಲಿ ವರ್ಷಕ್ಕೊಂದು ಬಯಲಾಟ ಇದ್ದದ್ದೇ. ಬೆಂಗಳೂರಲ್ಲೋ ದುಬೈಯಲ್ಲೋ ಇರುವ ಊರವರಿಗೆ ಅದನ್ನು ಲೈವ್ ತೋರಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಕ್ಯಾಮೆರಾ ಹಿಡಿಯೋದು ದೊಡ್ಡ ವಿಷಯ ಅಲ್ಲ. ರಾತ್ರಿಯಿಡೀ ಕಡಿಯದ ಹಾಗೆ ಕಳಿಸೋದೇ ಕೆಲಸ.

ಆಟ ನಡೆಯುವುದು ಶಾಲೆ ಮೈದಾನದಲ್ಲಿ. ಅಲ್ಲಿಗೆ ಫೈಬರ್ ಬಂದಿಲ್ಲ. ಇರುವುದು ನಮ್ಮ ಮನೆಯಲ್ಲಿ, ಅಡಿಕೆ ತೋಟದ ಆಚೆ ಸುಮಾರು ಅರ್ಧ ಕಿಲೋಮೀಟರ್ ದೂರ. ಹಾಗಾಗಿ ಎರಡು ದಾರಿ ಇಟ್ಟುಕೊಂಡೆ. ಮೈದಾನದಿಂದ ಮನೆಗೆ 5 ಗಿಗಾಹರ್ಟ್ಸ್ ವೈಫೈ ಲಿಂಕ್, ಅಲ್ಲಿಂದ ಫೈಬರ್. ಇನ್ನೊಂದು, ಮೈದಾನದಲ್ಲೇ ಒಂದು 4ಜಿ ರೂಟರ್. ಎರಡೂ ಮುಂಬೈಯಲ್ಲಿ ಬಾಡಿಗೆಗೆ ತಗೊಂಡ ಸಣ್ಣ ಸರ್ವರ್‌ಗೆ ಹೋಗಿ ಸೇರುತ್ತವೆ. ಅಲ್ಲಿಂದ ಮುಂದೆ ಯೂಟ್ಯೂಬ್.

ಶಿವರಾತ್ರಿ ಕಳೆದ ಮೇಲೆ

ಮೊದಲು ವೈಫೈ ಲಿಂಕ್. ತೋಟ ಕಣಿವೆಯಲ್ಲಿದೆ, ಮನೆ ಮೇಲೆ ಇದೆ, ಅದು ಒಳ್ಳೇದಾಯಿತು. ಆದರೆ ಆಂಟೆನಾಗೆ ಆಂಟೆನಾ ಕಂಡರೆ ಸಾಕಾಗುವುದಿಲ್ಲ. ನಡುವಿನ ಗೆರೆಯ ಸುತ್ತ ಫ್ರೆನೆಲ್ ವಲಯ ಅಂತ ಜಾಗ ಖಾಲಿ ಇರಬೇಕು. ಈ ದೂರಕ್ಕೆ ಅದು ಮಧ್ಯದಲ್ಲಿ ಸುತ್ತಲೂ ಎರಡೂವರೆ ಮೀಟರ್ ಆಗುತ್ತದೆ. ನಮ್ಮ ಹಳೆ ಅಡಿಕೆ ಮರಗಳ ಸೋಗೆ ಸರಿಯಾಗಿ ಆ ಜಾಗಕ್ಕೇ ಬರುತ್ತಿತ್ತು. ಗಾಳಿ ಬಂದಾಗೆಲ್ಲ ಸಿಗ್ನಲ್ ಏರುಪೇರು. ಆಂಟೆನಾವನ್ನು ನೀರಿನ ಟ್ಯಾಂಕಿನ ಮೇಲೆ ಏರಿಸಿದ ಮೇಲೆ ಸರಿಹೋಯಿತು.

ಆಮೇಲೆ ಫೈಬರ್. 40 ಎಂಬಿಪಿಎಸ್ ಪ್ಲಾನು, ಸ್ಪೀಡ್ ಟೆಸ್ಟ್‌ನಲ್ಲಿ 40 ಬರುತ್ತದೆ. ಆದರೆ ಆ ಟೆಸ್ಟ್ ನೋಡಿ ಖುಷಿಪಟ್ಟರೆ ಕೆಟ್ಟೆವು. ಸುಮ್ನೆ ಇದ್ದಾಗ ಮುಂಬೈಗೆ ಪಿಂಗ್, ಅಂದರೆ ಒಂದು ಸಂದೇಶ ಹೋಗಿ ಬರುವ ಸಮಯ, 38 ಮಿಲಿಸೆಕೆಂಡ್. ಮನೆಯಲ್ಲಿ ಯಾರೋ ಮದುವೆ ಫೋಟೋ ಅಪ್‌ಲೋಡ್‌ಗೆ ಹಾಕಿದರೆ ಅದೇ ಪಿಂಗ್ 400 ದಾಟುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ತುಂಡುಗಳು, ಕಳೆದುಹೋಗಿರುವುದಿಲ್ಲ, ಮೋಡೆಮ್‌ನ ಒಳಗೆ ಉದ್ದ ಸಾಲಲ್ಲಿ ನಿಂತಿರುತ್ತವೆ ಅಷ್ಟೆ. ಲೈವ್‌ಗೆ ಎರಡೂ ಒಂದೇ. ತಡವಾಗಿ ಬಂದ ಪ್ಯಾಕೆಟ್ ತಗೊಂಡು ಏನು ಮಾಡೋದು?

ಇದಕ್ಕೆ ಮದ್ದು ಗೊತ್ತಿದ್ದದ್ದೇ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಅನ್ನುವ ವಿಧಾನ ಕೊಟ್ಟರು. ಸಾಲು ಎಷ್ಟು ಉದ್ದ ಇದೆ ಅಂತ ಅದು ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. 100 ಮಿಲಿಸೆಕೆಂಡ್ ಕಳೆದರೂ ಕಾಯುವ ಹೊತ್ತು 5 ಮಿಲಿಸೆಕೆಂಡಿಗೆ ಇಳಿಯದಿದ್ದರೆ ಪ್ಯಾಕೆಟ್ ಬಿಸಾಡಲು ಶುರು ಮಾಡುತ್ತದೆ. ಅದೇ ದಾರಿಯಲ್ಲಿ ಬಂದ, ಸಾಲು ನಿಭಾಯಿಸುವ ಕೇಕ್ ಅನ್ನುವ ವಿಧಾನ, 2018ರ ಲಿನಕ್ಸ್ 4.19ರಿಂದ ಕರ್ನಲ್‌ನಲ್ಲೇ ಇದೆ. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಹಾಕಿದ ರೂಟರ್‌ನಲ್ಲಿ ಕೇಕ್‌ಗೆ 36 ಎಂಬಿಪಿಎಸ್ ಮಿತಿ ಕೊಟ್ಟೆ. 40ಕ್ಕಿಂತ ಕಡಿಮೆ ಕೊಡುವುದರಲ್ಲೇ ಗುಟ್ಟು ಇರೋದು. ಆಗ ಸಾಲು ಮೋಡೆಮ್‌ನಲ್ಲಿ ಕಟ್ಟುವುದಿಲ್ಲ, ನನ್ನ ರೂಟರ್‌ನಲ್ಲಿ ಕಟ್ಟುತ್ತದೆ. ನನ್ನ ಕೈಯಲ್ಲಿರುವ ಸಾಲನ್ನು ನಾನು ನೋಡಿಕೊಳ್ಳಬಹುದು. ಈಗ ಎಷ್ಟೇ ಫೋಟೋ ಹತ್ತಿಸಲಿ, ಪಿಂಗ್ 45ರ ಆಸುಪಾಸು.

ಯುಗಾದಿ ವಾರ

ಈ ವಾರ ಪೂರ್ತಿ ಡಿಎಸ್‌ಸಿಪಿ, ಅಂದರೆ ಪ್ಯಾಕೆಟ್ ಮೇಲೆ ಬರೆಯುವ ಆದ್ಯತೆಯ ನಂಬರ್, ಅದರ ಪರೀಕ್ಷೆ. ಐಪಿ ಪ್ಯಾಕೆಟ್‌ನ ತಲೆಯಲ್ಲಿ 6 ಬಿಟ್ ಜಾಗ ಇದೆ. ಅಲ್ಲಿ 46 ಬರೆದರೆ ಧ್ವನಿ, 34 ಬರೆದರೆ ವಿಡಿಯೋ, 0 ಅಂದರೆ ಸಾಮಾನ್ಯ ಅಂತ ರೂಢಿ. ಕಾಗದದ ಮೇಲೆ ಎಷ್ಟು ಚೆಂದ ಅಲ್ವಾ? ಎಲ್ಲ ನೆಟ್‌ವರ್ಕ್‌ಗಳೂ ಆ ನಂಬರ್ ನೋಡಿ ದಾರಿ ಬಿಡಬೇಕು.

ಧ್ವನಿಗೆ 46, ವಿಡಿಯೋಗೆ 34 ಹಾಕಿ ಕಳಿಸಿದೆ. ಮುಂಬೈ ಸರ್ವರ್‌ನಲ್ಲಿ ಬಂದ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ಎಲ್ಲಾ ಪ್ಯಾಕೆಟ್‌ನಲ್ಲೂ 0. ಫೈಬರ್‌ನಲ್ಲೂ ಅಷ್ಟೆ, 4ಜಿಯಲ್ಲೂ ಅಷ್ಟೆ. ದಾರಿಯಲ್ಲಿ ಯಾರೋ ಒರೆಸಿ ಹಾಕಿದ್ದಾರೆ. ಅವರನ್ನು ಬೈದು ಉಪಯೋಗ ಇಲ್ಲ. ಯಾರು ಬೇಕಾದರೂ ತಮ್ಮ ಪ್ಯಾಕೆಟ್‌ಗೆ 46 ಬರೆಯಬಹುದು ಅಂದಮೇಲೆ ಕಂಪನಿಯವರು ಯಾಕೆ ನಂಬಬೇಕು?

ವೈಫೈ ಲಿಂಕ್ ನನ್ನದೇ, ಅಲ್ಲಿ ಆ ನಂಬರ್ ಉಳಿಯುತ್ತದೆ. ಅಲ್ಲಿನ ತಮಾಷೆ ಬೇರೆ. ವೈಫೈಯಲ್ಲಿ ನಾಲ್ಕು ಸಾಲು: ಧ್ವನಿ, ವಿಡಿಯೋ, ಸಾಮಾನ್ಯ, ಹಿನ್ನೆಲೆ. ಹಳೇ ಪದ್ಧತಿಯ ಸಾಧನಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ನೋಡುತ್ತವೆ. 46ರ ಮೊದಲ ಮೂರು ಬಿಟ್ ಅಂದರೆ 5. ವೈಫೈ ಲೆಕ್ಕದಲ್ಲಿ 4 ಮತ್ತು 5 ವಿಡಿಯೋ ಸಾಲು, 6 ಮತ್ತು 7 ಧ್ವನಿ ಸಾಲು. ಅಂದರೆ ಧ್ವನಿ ಅಂತ ಬರೆದು ಕಳಿಸಿದ್ದೂ ಹೋಗಿ ವಿಡಿಯೋ ಸಾಲಲ್ಲೇ ನಿಲ್ಲುತ್ತದೆ. ಇದನ್ನು ಸರಿಮಾಡಲು 2018ರಲ್ಲಿ ಆರ್‌ಎಫ್‌ಸಿ 8325 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆ ಬಂತು. ನನ್ನ ಆಂಟೆನಾ ಜೋಡಿಗೆ ಅದರ ಪರಿಚಯ ಇದ್ದ ಹಾಗಿಲ್ಲ. ಮೈದಾನದ ಕಡೆ ಧ್ವನಿಗೆ 48 ಅಂತ ಬದಲಿಸಿದೆ. ಅದರ ಮೊದಲ ಮೂರು ಬಿಟ್ 6, ಹಾಗಾಗಿ ಸರಿಯಾದ ಸಾಲಿಗೆ ಬಂತು. 48 ಇರುವುದು ರೂಟರ್‌ಗಳು ತಮ್ಮೊಳಗೆ ಮಾತಾಡಿಕೊಳ್ಳಲಿಕ್ಕೆ. ನಮ್ಮ ತೋಟದ ಮೇಲೆ ಕೇಳುವವರು ಯಾರಿದ್ದಾರೆ?

4ಜಿ ಕಥೆ ಇನ್ನೂ ಖಡಕ್. ಅಲ್ಲಿ ಕ್ಯೂಸಿಐ ಅಂತ ದರ್ಜೆಗಳಿವೆ. ಫೋನ್ ಕಂಪನಿಯ ಸ್ವಂತ ವೋಲ್ಟಿ ಕರೆಗೆ, ಅಂದರೆ 4ಜಿ ಮೇಲೆಯೇ ಹೋಗುವ ಮಾತಿನ ಕರೆಗೆ, ಕ್ಯೂಸಿಐ 1, ತಡ 100 ಮಿಲಿಸೆಕೆಂಡ್ ಒಳಗೆ ಇರಬೇಕು ಅಂತ ಗುರಿ. ನಮ್ಮ ಇಂಟರ್ನೆಟ್‌ಗೆ ಸಾಮಾನ್ಯವಾಗಿ ಸಿಗುವುದು ಕ್ಯೂಸಿಐ 9, ಗುರಿ 300 ಮಿಲಿಸೆಕೆಂಡ್. ಯಕ್ಷಗಾನ ಆದರೂ ಒಂದೇ, ವಾಟ್ಸಾಪ್ ಸ್ಟೇಟಸ್ ಆದರೂ ಒಂದೇ.

ಅಲ್ಲಿಗೆ ತೀರ್ಮಾನ ಮಾಡಿಕೊಂಡೆ. ಬೇರೆಯವರ ನೆಟ್‌ವರ್ಕ್‌ನಲ್ಲಿ ಮರ್ಯಾದೆ ಕೇಳಿ ಪ್ರಯೋಜನ ಇಲ್ಲ. ಮಾಡಬೇಕಾದ್ದನ್ನೆಲ್ಲ ಎರಡು ತುದಿಯಲ್ಲೇ ಮಾಡಬೇಕು.

ಆಟಕ್ಕೆ ಮುಂಚೆ

ಕಳಿಸಲು ಎಸ್‌ಆರ್‌ಟಿ ಅನ್ನುವ, ಲೈವ್ ವಿಡಿಯೋ ಸಾಗಿಸುವ ಪದ್ಧತಿ ಹಿಡಿದೆ. ಹೈವಿಷನ್ ಕಂಪನಿ ಮಾಡಿ 2017ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟದ್ದು. ಕಳೆದುಹೋದ ಪ್ಯಾಕೆಟ್ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ, ಆದರೆ ಅದಕ್ಕೆ ನಾವು ಇಂತಿಷ್ಟು ಹೊತ್ತು ಅಂತ ಕೊಡಬೇಕು. ತಾನಾಗಿ ಇರುವುದು 120 ಮಿಲಿಸೆಕೆಂಡ್. ಹೋಗಿ ಬರುವ ಸಮಯದ ಮೂರು ನಾಲ್ಕು ಪಟ್ಟು ಇಡಬೇಕು ಅನ್ನುವುದು ರೂಢಿ. ಫೈಬರ್‌ಗೆ 150 ಸಾಕು. ಜಾತ್ರೆಯ ಜನದ ನಡುವೆ 4ಜಿ ಪಿಂಗ್ 700 ಮುಟ್ಟಿದ್ದು ನೋಡಿದ್ದೇನೆ, ಅದಕ್ಕೆ 3000 ಇಟ್ಟೆ. ಯೂಟ್ಯೂಬ್‌ನಲ್ಲಿ ನೋಡುವವರು ಹೇಗೂ ಹಿಂದೆ ಇರುತ್ತಾರೆ. ಇನ್ನೂ ಮೂರು ಸೆಕೆಂಡ್ ತಡವಾದರೆ ಯಾರಿಗೆ ಗೊತ್ತಾಗುತ್ತದೆ?

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಕಳಿಸಬೇಕು ಅನ್ನುವ ವಿಷಯದಲ್ಲಿ ಪಕ್ಕದ ಮನೆ ಭಾವನ ಹತ್ತಿರ ಚರ್ಚೆಯಾಯಿತು. ಅವರು ಹಿಮ್ಮೇಳದ ಹುಚ್ಚಿನವರು. "ಅಲ್ಲ ಮಾರಾಯ, ಚಿತ್ರ ನಿಂತ್ರೂ ಅಡ್ಡಿಲ್ಲ. ಪದ ನಿಲ್ಲಬಾರ್ದು. ಭಾಗವತ್ರು ಪದ ಎತ್ತಿದ ಮೇಲೆ ನಡುವೆ ಕಡಿದ್ರೆ ಕೇಳ್ಲಿಕ್ಕಾಗ್ತದಾ?" ಅಂದರು.

ಅವರ ಮಾತೇ ಪ್ಲಾನ್ ಆಯಿತು. ಧ್ವನಿ 128 ಕೆಬಿಪಿಎಸ್, ಮಿಕ್ಸರ್‌ನಿಂದ ನೇರ. ಇದನ್ನು ಬೇರೆಯೇ ಸ್ಟ್ರೀಮ್ ಮಾಡಿ ಫೈಬರ್‌ನಲ್ಲೂ 4ಜಿಯಲ್ಲೂ ಒಟ್ಟಿಗೆ ಕಳಿಸುವುದು. ಮೊದಲು ಬಂದ ಪ್ಯಾಕೆಟ್ ಸರ್ವರ್ ಇಟ್ಟುಕೊಳ್ಳುತ್ತದೆ, ಎರಡನೆಯದನ್ನು ಬಿಡುತ್ತದೆ. ಇಷ್ಟು ಸಣ್ಣದನ್ನು ಎರಡು ಸಲ ಕಳಿಸಿದರೆ ಖರ್ಚು ಏನೂ ಇಲ್ಲ. ವಿಡಿಯೋ ಮಾತ್ರ ಫೈಬರ್‌ನಲ್ಲಿ, ಅದು ಬಿದ್ದರೆ 4ಜಿಗೆ.

ವಿಡಿಯೋ ಎಷ್ಟು? ಒಳ್ಳೆಯ ದಾರಿ ನೋಡಿ ಲೆಕ್ಕ ಹಾಕಬಾರದು, ಕೆಟ್ಟ ದಾರಿಯ ಕೆಟ್ಟ ಹೊತ್ತು ನೋಡಬೇಕು. ಜನ ಸೇರಿದಾಗ 4ಜಿ ಅಪ್‌ಲೋಡ್ ಎರಡೂವರೆ ಎಂಬಿಪಿಎಸ್. ಮತ್ತೆ ಕಳಿಸುವ ಪ್ಯಾಕೆಟ್‌ಗೆ ಕಾಲು ಭಾಗ, ಧ್ವನಿಗೂ ಸ್ವಲ್ಪ ಬಿಟ್ಟು, ವಿಡಿಯೋಗೆ 1500 ಕೆಬಿಪಿಎಸ್ ಇಟ್ಟೆ. ಅಷ್ಟರಲ್ಲಿ 720ಪಿ ಹಾಕಿದರೆ ವೇಷ ನಿಂತಾಗ ಚೆಂದ, ಗಿರಕಿ ಹೊಡೆದಾಗ ಮುಖವರ್ಣಿಕೆ ಎಲ್ಲ ಚೌಕ ಚೌಕ. 540ಪಿಗೆ ಇಳಿಸಿದೆ. ಮೊಬೈಲ್‌ನಲ್ಲಿ ನೋಡುವವರೇ ಜಾಸ್ತಿ, ವ್ಯತ್ಯಾಸ ಯಾರೂ ಹೇಳಲಿಲ್ಲ.

ಆಟದ ರಾತ್ರಿ

ಒಂಬತ್ತರಿಂದ ಹನ್ನೆರಡರವರೆಗೆ ಟವರ್ ಉಸಿರುಗಟ್ಟಿತ್ತು. ಎಲ್ಲರ ಕೈಯಲ್ಲೂ ಫೋನ್, ಎಲ್ಲರದೂ ವಿಡಿಯೋ. ಎರಡು ಗಂಟೆ ಮೇಲೆ ಅರ್ಧ ಜನ ಚಾಪೆ ಮೇಲೆ ನಿದ್ದೆ. 4ಜಿ ಪಿಂಗ್ ತಾನಾಗಿ 70ಕ್ಕೆ ಇಳಿಯಿತು.

ಒಂದೂವರೆ ಹೊತ್ತಿಗೆ ಕರೆಂಟ್ ಹೋಯಿತು. ಮೈದಾನದಲ್ಲಿ ಜನರೇಟರ್ ಇತ್ತು, ಮನೆಯಲ್ಲಿ ಇನ್ವರ್ಟರ್ ಇತ್ತು. ಆಚೆ ಎಲ್ಲೋ ಕಂಬದ ಹತ್ತಿರದ ಪೆಟ್ಟಿಗೆಗೆ ಎರಡೂ ಇರಲಿಲ್ಲ, ಫೈಬರ್ ಬಿತ್ತು. ಚಿತ್ರ ಒಂದು ಕ್ಷಣ ಹೆಪ್ಪುಗಟ್ಟಿ 4ಜಿಗೆ ಹಾರಿತು. ಪದ ಕಡಿಯಲೇ ಇಲ್ಲ. ಚೆಂಡೆಯ ಒಂದು ಪೆಟ್ಟೂ ತಪ್ಪಲಿಲ್ಲ. ರೆಕಾರ್ಡಿಂಗ್ ಹಾಕಿ ಮತ್ತೆ ಮತ್ತೆ ಕೇಳಿ ನೋಡಿದೆ.

ಈಗ ಉಳಿದಿರುವುದು

ಆ ಹಾರಿದ ಮೇಲಿನ ಭಾಗದಲ್ಲೇ ಒಂದು ತೊಂದರೆ ಇದೆ. ಚಿತ್ರ 4ಜಿಗೆ ಹೋದ ಮೇಲೆ ಧ್ವನಿ ಸುಮಾರು 200 ಮಿಲಿಸೆಕೆಂಡ್ ಮುಂದೆ ಓಡಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂದೆ ಬಂದರೇ ನೋಡುವವರಿಗೆ ತಿಳಿಯುತ್ತದೆ. ಹಿಂದೆ ಉಳಿದರೆ 125ರವರೆಗೆ ಗೊತ್ತಾಗುವುದಿಲ್ಲ. ಮಾತುಗಾರಿಕೆಯಲ್ಲಿ ಹೇಗೋ ಸಾಗುತ್ತದೆ. ಕುಣಿತದಲ್ಲಿ ಪೆಟ್ಟು ಮೊದಲು, ಹೆಜ್ಜೆ ಆಮೇಲೆ. ಭಾವ ಅದನ್ನು ಫೋನ್‌ನಲ್ಲೇ ಹಿಡಿದುಬಿಟ್ಟರು.

ಎರಡೂ ಸ್ಟ್ರೀಮ್ ಒಂದೇ ಲ್ಯಾಪ್‌ಟಾಪ್‌ನ ಗಡಿಯಾರದಿಂದ ಹೊರಡುತ್ತವೆ. ಹಾಗಾಗಿ ಸರ್ವರ್‌ನಲ್ಲಿ ಬಂದದ್ದನ್ನು ಬಂದ ಹಾಗೇ ಜೋಡಿಸುವ ಬದಲು, ಟೈಮ್‌ಸ್ಟ್ಯಾಂಪ್ ನೋಡಿ ಒಂದಕ್ಕೊಂದು ಕಾಯಿಸಿ ಜೋಡಿಸುವ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. 4ಜಿ ರೂಟರ್‌ಗೆ ಮಿತಿಯನ್ನು ತಾನೇ ಹೊಂದಿಸುವ ಕೇಕ್-ಆಟೋರೇಟ್ ಕೂಡ ಹಾಕಬೇಕು, ಅಲ್ಲಿ ಮಿತಿ ಗಂಟೆಗಂಟೆಗೆ ಬದಲಾಗುವುದರಿಂದ ಒಂದೇ ಅಂಕಿ ಇಟ್ಟರೆ ನಡೆಯುವುದಿಲ್ಲ. ಮಳೆಗಾಲಕ್ಕೆ ಟ್ಯಾಂಕಿನ ಮೇಲಿನ ಆಂಟೆನಾ ಬಿಚ್ಚುವುದಿಲ್ಲ. ಒದ್ದೆ ಸೋಗೆ ಸಿಗ್ನಲ್ ಎಷ್ಟು ತಿನ್ನುತ್ತದೆ ಅಂತ ಆಗಸ್ಟ್‌ವರೆಗಿನ ಲಾಗ್ ಬೇಕು. ದೀಪಾವಳಿ ಕಳೆದರೆ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುತ್ತವೆ, ಅಷ್ಟರೊಳಗೆ ಇದೆಲ್ಲ ಮುಗಿಯಬೇಕು.