ಓಎಲ್‌ಇಡಿ ಟಿವಿಯನ್ನು ಕತ್ತಲಿನಿಂದ ಅಳೆಯುವುದು

ದೊಡ್ಡ ಅಂಗಡಿಗಳಲ್ಲಿ ದುಬಾರಿ ಟಿವಿಗಳನ್ನು ಒಂದರ ಪಕ್ಕ ಒಂದರಂತೆ ಚಾಲೂ ಮಾಡಿ ಇಟ್ಟಿರುವಾಗ ಗಿರಾಕಿಯ ಕಣ್ಣು ಮೊದಲು ಹೋಗುವುದು ಎಲ್ಲಕ್ಕಿಂತ ಹೆಚ್ಚು ಬೆಳಗುವ ಪರದೆಯ ಕಡೆಗೆ. ಅಲ್ಲಿ ಓಡುವ ಡೆಮೊ ವಿಡಿಯೊಗಳನ್ನು ಸಿದ್ಧಪಡಿಸುವುದೂ ಅದೇ ಉದ್ದೇಶದಿಂದ: ಹೂವು, ಹಕ್ಕಿ, ಕತ್ತರಿಸಿದ ಹಣ್ಣು, ನಿಧಾನವಾಗಿ ಹರಿಯುವ ಬಣ್ಣದ ದ್ರವ. ಇವನ್ನು ನೋಡಿ ಓಎಲ್‌ಇಡಿ ಟಿವಿಯ ಯೋಗ್ಯತೆಯನ್ನು ನಿರ್ಣಯಿಸಲು ಬರುವುದಿಲ್ಲ. ಮನೆಯಲ್ಲಿ ಸೋನಿಯ 65 ಇಂಚಿನ ಎ95ಎಲ್ ಟಿವಿಯನ್ನು ಹಗಲಿನಲ್ಲೂ ರಾತ್ರಿ ದೀಪ ಆರಿಸಿಯೂ ಸಾಕಷ್ಟು ಕಾಲ ನೋಡಿದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯವೆಂದರೆ, ಇಂತಹ ಪರದೆಯ ನಿಜವಾದ ಪರೀಕ್ಷೆ ನಡೆಯುವುದು ಕಪ್ಪಿನಿಂದ ಬೆಳಕು ಆಗಷ್ಟೇ ಮೇಲೇಳುವ ಜಾಗದಲ್ಲಿ.

ಓಎಲ್‌ಇಡಿಯಲ್ಲಿ ಪ್ರತಿಯೊಂದು ಪಿಕ್ಸೆಲ್ ತನ್ನ ಬೆಳಕನ್ನು ತಾನೇ ಹೊಮ್ಮಿಸುತ್ತದೆ, ಬೇಡವಾದಾಗ ಪೂರ್ತಿಯಾಗಿ ಆರಿಹೋಗುತ್ತದೆ. ಆದ್ದರಿಂದ ಅಚ್ಚ ಕಪ್ಪಿನ ವಿಷಯದಲ್ಲಿ ಕಡಿಮೆ ಬೆಲೆಯ ಓಎಲ್‌ಇಡಿಗೂ ಅತ್ಯಂತ ದುಬಾರಿಯದಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ. ಅಂತರ ಕಾಣಿಸುವುದು ಕಪ್ಪಿನ ಮೇಲಿನ ಮೊದಲ ಕೆಲವು ಮೆಟ್ಟಿಲುಗಳಲ್ಲಿ. ಆರಿದ ಪಿಕ್ಸೆಲನ್ನು ಅತಿ ಮಂದವಾಗಿ, ಸಮನಾಗಿ ಬೆಳಗಿಸುವುದು ಈ ತಂತ್ರಜ್ಞಾನಕ್ಕೆ ಕಷ್ಟದ ಕೆಲಸವಾಗಿರುವುದರಿಂದ, ಸರಿಯಾಗಿ ಪಳಗಿಸದ ಟಿವಿಯಲ್ಲಿ ನೆರಳಿನೊಳಗಿನ ವಿವರಗಳೆಲ್ಲ ಕಪ್ಪಿನಲ್ಲಿ ಮುಳುಗಿಹೋಗುತ್ತವೆ, ಇಲ್ಲವಾದರೆ ಅವೇ ಜಾಗಗಳು ಬೂದುಬಣ್ಣದ ತೇಪೆಗಳಾಗಿ ಮಿಣುಕುತ್ತವೆ.

ಇದನ್ನು ನೋಡಲು ನಾನು ಬಳಸುವುದು ಯಕ್ಷಗಾನದ ವಿಡಿಯೊಗಳನ್ನು. ರಾತ್ರಿಯ ಬಯಲಾಟದ ಚಿತ್ರೀಕರಣಕ್ಕಿಂತ ಕಠಿಣವಾದ ಪರೀಕ್ಷೆ ಕನ್ನಡದ ನೋಡುಗನಿಗೆ ಸುಲಭವಾಗಿ ಸಿಗಲಾರದು. ರಂಗಸ್ಥಳದ ಮೇಲೆ ತೀಕ್ಷ್ಣವಾದ ಬೆಳಕು, ಅದರ ಹಿಂದೆಯೇ ಗಾಢವಾದ ಕತ್ತಲು, ಕಪ್ಪು ಹಿನ್ನೆಲೆಯ ಮುಂದೆ ವೇಷಧಾರಿಯ ಕಪ್ಪು ಕೂದಲು, ಬಣ್ಣದ ವೇಷದ ಮುಖದಲ್ಲಿ ಕೆಂಪು ಮತ್ತು ಕಪ್ಪಿನ ನಡುವೆ ಎದ್ದು ನಿಲ್ಲುವ ಚಿಟ್ಟಿ ಎಂಬ ಬಿಳಿಯ ಚುಕ್ಕೆಗಳ ಅಲಂಕಾರ, ಕಿರೀಟದ ಮೇಲೆ ಕ್ಷಣಕ್ಷಣಕ್ಕೂ ಹೊಳೆಯುವ ಸಾವಿರಾರು ಸಣ್ಣ ಚುಕ್ಕೆಗಳು. ಇದರ ಜೊತೆಗೆ ಈ ವಿಡಿಯೊಗಳಲ್ಲಿ ಹೆಚ್ಚಿನವು ಅಂತರಜಾಲಕ್ಕಾಗಿ ಬಹಳವಾಗಿ ಕುಗ್ಗಿಸಿದ, ಎಚ್‌ಡಿಆರ್ (ಕಡು ಕಪ್ಪಿನಿಂದ ತೀವ್ರ ಹೊಳಪಿನವರೆಗಿನ ವ್ಯಾಪ್ತಿಯನ್ನು ಹಿಡಿಯುವ ಪದ್ಧತಿ) ಇಲ್ಲದ 1080 ಸಾಲುಗಳ ಚಿತ್ರಗಳು. ಕುಗ್ಗಿಸುವಾಗ ಮೊದಲು ಕೆಡುವುದು ಕತ್ತಲಿನ ಭಾಗವೇ ಆದ್ದರಿಂದ ಅಲ್ಲಿ ಚೌಕಚೌಕವಾದ ಕಲೆಗಳೂ ಪಟ್ಟೆಗಳೂ ಉಳಿದಿರುತ್ತವೆ. ಒಳ್ಳೆಯ ಪರದೆ ಈ ಕೊಳೆಯನ್ನು ಮುಚ್ಚಲೂಬೇಕು, ಅದರೊಳಗಿನ ನಿಜವಾದ ವಿವರವನ್ನು ಉಳಿಸಲೂಬೇಕು. ಎ95ಎಲ್ ಈ ಎರಡನ್ನೂ ಒಟ್ಟಿಗೆ ನಿಭಾಯಿಸುವ ರೀತಿ ನನಗೆ ಬಹಳ ಮೆಚ್ಚಿಗೆಯಾಗಿದೆ. ಭಾಗವತರ ಹಿಂದಿನ ಬಟ್ಟೆಯ ಪರದೆಯ ಮಡಿಕೆಗಳು ಮಡಿಕೆಗಳಾಗಿಯೇ ಕಾಣುತ್ತವೆ, ಪಟ್ಟೆಗಳಾಗುವುದಿಲ್ಲ. ವಿಮರ್ಶೆಗಳೆಲ್ಲ ಹೊಳಪಿನ ಅಂಕಿಗಳ ಸುತ್ತ ತಿರುಗುತ್ತಿರುವಾಗ, ನಮ್ಮ ಭಾಷೆಯ ನೋಡುಗರು ದಿನವೂ ನೋಡುವ ಸಾಧಾರಣ ಗುಣಮಟ್ಟದ ಚಿತ್ರವನ್ನು ಟಿವಿ ಹೇಗೆ ಸುಧಾರಿಸುತ್ತದೆ ಎಂಬುದಕ್ಕೆ ಇನ್ನೂ ಹೆಚ್ಚಿನ ಜಾಗ ಸಿಗಬೇಕೆಂದು ನನಗೆ ಅನಿಸುತ್ತದೆ.

ಯಾವ ಪರೀಕ್ಷೆಗೂ ಮುನ್ನ ಚಿತ್ರದ ಮೋಡನ್ನು ಬದಲಿಸಿಕೊಳ್ಳಬೇಕು. ಅಂಗಡಿಯ ವಿವಿಡ್ ಮೋಡ್ ಬಿಳಿಯನ್ನು ನೀಲಿಯತ್ತ ತಳ್ಳುತ್ತದೆ, ಬಣ್ಣಗಳನ್ನು ಉಬ್ಬಿಸುತ್ತದೆ. ಪ್ರೊಫೆಷನಲ್ ಅಥವಾ ಸಿನಿಮಾ ಮೋಡಿಗೆ ಬಂದು, ಕೋಣೆಯ ಬೆಳಕನ್ನು ನೋಡಿ ಹೊಳಪನ್ನು ತಾನೇ ಬದಲಿಸುವ ಸೆನ್ಸರನ್ನು ನಿಲ್ಲಿಸಿದರೆ, ಚಿತ್ರ ತಯಾರಾಗುವ ಸ್ಟುಡಿಯೊಗಳಲ್ಲಿ ಪಾಲಿಸುವ ಡಿ65 ಎಂಬ ಬಿಳಿಯ ಹತ್ತಿರಕ್ಕೆ ಬರುತ್ತೇವೆ. ಮೊದಲಿಗೆ ಇದು ಹಳದಿಯಾಗಿ ಕಾಣುವುದು ಸಹಜ. ಕಣ್ಣು ಒಗ್ಗಿಕೊಂಡ ಮೇಲೆ ಹಳೆಯ ಮೋಡಿಗೆ ಮರಳಿದರೆ ಮನುಷ್ಯರ ಚರ್ಮವೆಲ್ಲ ನೀಲಿಗಟ್ಟಿದಂತೆ ತೋರುತ್ತದೆ.

ಬಣ್ಣದ ವಿಷಯದಲ್ಲಿ ಈ ಟಿವಿಯ ಪ್ಯಾನೆಲ್ ಯಾವ ಬಗೆಯದು ಎಂಬುದು ಮುಖ್ಯ. ಎಲ್‌ಜಿ ಸಂಸ್ಥೆ ಬೆಳೆಸಿದ ಬಿಳಿ ಓಎಲ್‌ಇಡಿಯಲ್ಲಿ ಕೆಂಪು, ಹಸಿರು, ನೀಲಿಯ ಜೊತೆಗೆ ನಾಲ್ಕನೆಯದಾಗಿ ಒಂದು ಬಿಳಿ ಉಪಪಿಕ್ಸೆಲ್ ಇರುತ್ತದೆ. ಹೊಳಪು ಏರಿದಾಗ ಆ ಬಿಳಿ ಸೇರಿಕೊಂಡು ಬಣ್ಣ ಸ್ವಲ್ಪ ತೆಳುವಾಗುತ್ತದೆ. 2022ರಲ್ಲಿ ಮಾರುಕಟ್ಟೆಗೆ ಬಂದ ಕ್ಯೂಡಿ-ಓಎಲ್‌ಇಡಿಯಲ್ಲಿ ನೀಲಿ ಬೆಳಕೇ ಮೂಲ, ಅದನ್ನು ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳು ಕೆಂಪು ಮತ್ತು ಹಸಿರಾಗಿ ಮಾರ್ಪಡಿಸುತ್ತವೆ, ಬಿಳಿಯ ಬೆರಕೆಯಿಲ್ಲ. 2023ರ ಎ95ಎಲ್‌ನಲ್ಲಿರುವುದು ಈ ಬಗೆಯ ಪ್ಯಾನೆಲಿನ ಎರಡನೆಯ ಪೀಳಿಗೆ. ವೇಷಧಾರಿಯ ಕೆಂಪು ದಗಲೆಯ (ಮೇಲಂಗಿಯ) ಮೇಲೆ ಬೆಳಕು ಬಿದ್ದಾಗ ಅದು ತಿಳಿಗೆಂಪಾಗದೆ ಹೊಳೆಯುವ ಕೆಂಪಾಗಿಯೇ ಉಳಿಯುವುದು, ಪಕ್ಕದಲ್ಲಿ ಕುಳಿತು ನೋಡಿದರೂ ಬಣ್ಣ ಮಾಸದಿರುವುದು, ಇವೆರಡೂ ಈ ರಚನೆಯ ಫಲ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವಾಗ ಎರಡನೆಯ ಗುಣದ ಬೆಲೆ ತಿಳಿಯುತ್ತದೆ.

ಈ ರಚನೆಗೆ ತನ್ನದೇ ಮಿತಿಯೂ ಇದೆ. ಕ್ಯೂಡಿ-ಓಎಲ್‌ಇಡಿ ಪ್ಯಾನೆಲಿನಲ್ಲಿ ಹೊರಗಿನ ಬೆಳಕನ್ನು ಹೀರುವ ಪೋಲರೈಸರ್ ಪದರ ಇಲ್ಲದ ಕಾರಣ, ಕಿಟಕಿಯ ಬೆಳಕು ನೇರವಾಗಿ ಬೀಳುವ ಕೋಣೆಯಲ್ಲಿ ಕಪ್ಪು ಕಪ್ಪಾಗಿ ಉಳಿಯದೆ ನೇರಳೆ ಛಾಯೆಯ ಬೂದುಬಣ್ಣವಾಗುತ್ತದೆ. ಕತ್ತಲಿಗಾಗಿಯೇ ಇಷ್ಟು ಹಣ ಕೊಡುವವರು ಪರದೆಯನ್ನು ಕಿಟಕಿಗೆ ಎದುರಾಗಿ ಇಡಬಾರದು. ಹಗಲಿನಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆಯಲಾಗದ ನಡುಮನೆಯವರಿಗೆ, ಹಿಂದಿನಿಂದ ಸಣ್ಣಸಣ್ಣ ದೀಪಗಳು ಬೆಳಗಿಸುವ ಒಳ್ಳೆಯ ಮಿನಿ-ಎಲ್‌ಇಡಿ ಟಿವಿಯೇ ಹೆಚ್ಚು ಸೂಕ್ತವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಹೊಳಪಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಎಚ್‌ಡಿಆರ್ ಚಿತ್ರಗಳಿಗೆ ಬಳಸುವ ಪಿಕ್ಯೂ ಪದ್ಧತಿ 10,000 ನಿಟ್ಸ್‌ವರೆಗೆ (ನಿಟ್ಸ್ ಎಂದರೆ ಹೊಳಪಿನ ಅಳತೆ) ಲೆಕ್ಕ ಇಟ್ಟುಕೊಂಡಿದ್ದರೂ ಬಹಳಷ್ಟು ಚಿತ್ರಗಳನ್ನು 1,000 ಅಥವಾ 4,000 ನಿಟ್ಸ್‌ನ ಮಿತಿಯಲ್ಲಿ ಸಿದ್ಧಪಡಿಸುತ್ತಾರೆ. ಈ ಟಿವಿ ಪರದೆಯ ಸಣ್ಣ ಭಾಗದಲ್ಲಿ 1,000 ನಿಟ್ಸ್ ಅನ್ನು ಸಲೀಸಾಗಿ ದಾಟುತ್ತದೆ. ಪರದೆ ತುಂಬ ಬಿಳಿ ಹರಡಿದಾಗ ಮಾತ್ರ, ವಿದ್ಯುತ್ತನ್ನೂ ಶಾಖವನ್ನೂ ಹತೋಟಿಯಲ್ಲಿಡಲು ಎಲ್ಲ ಓಎಲ್‌ಇಡಿಗಳಂತೆ ಇದೂ ಹೊಳಪನ್ನು ಗಣನೀಯವಾಗಿ ಇಳಿಸಿಕೊಳ್ಳುತ್ತದೆ. ಕತ್ತಲಿನ ಪಕ್ಕದಲ್ಲೇ ಕಿಡಿ ಸಿಡಿದಂತೆ ಕಾಣುವ ಕಿರೀಟದ ಹೊಳಪಿಗೆ ಇದರಿಂದ ಬಾಧೆಯಿಲ್ಲ. ಬಿಸಿಲಿನ ಕ್ರಿಕೆಟ್ ಮೈದಾನಕ್ಕೆ ಇದೆ.

ಚಲನೆಯ ವಿಷಯದಲ್ಲಿ ಓಎಲ್‌ಇಡಿಯ ಗುಣವೇ ಒಂದು ತೊಡಕನ್ನು ತರುತ್ತದೆ. ಪಿಕ್ಸೆಲ್‌ಗಳು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಬದಲಾಗುವುದರಿಂದ, ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾದಲ್ಲಿ ಪ್ರತಿ ಚೌಕಟ್ಟೂ ಸುಮಾರು 42 ಮಿಲಿಸೆಕೆಂಡುಗಳ ಕಾಲ ಅಲುಗದೆ ನಿಂತು ಮುಂದಿನದಕ್ಕೆ ಹಠಾತ್ತನೆ ಜಿಗಿಯುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಈ ತಡವರಿಕೆ ಕಣ್ಣಿಗೆ ಹೊಡೆಯುತ್ತದೆ. ಚಲನೆಯನ್ನು ನಯಗೊಳಿಸುವ ಮೋಷನ್‌ಫ್ಲೋ ಸೆಟ್ಟಿಂಗಿನಲ್ಲಿ ಸ್ಮೂತ್‌ನೆಸ್ ಅನ್ನು ಅತ್ಯಂತ ಕೆಳಗಿನ ಹಂತಕ್ಕೆ ಇಟ್ಟರೆ ತಡವರಿಕೆ ತಗ್ಗುತ್ತದೆ, ಸಿನಿಮಾ ಧಾರಾವಾಹಿಯಂತೆಯೂ ಕಾಣುವುದಿಲ್ಲ. ಅದಕ್ಕಿಂತ ಮೇಲಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕುಳಿತುಕೊಳ್ಳುವ ದೂರವನ್ನೂ ಇಲ್ಲೇ ಹೇಳಿಬಿಡುತ್ತೇನೆ: 65 ಇಂಚಿನ ಪರದೆಗೆ ಎರಡರಿಂದ ಎರಡೂಮುಕ್ಕಾಲು ಮೀಟರ್ ಸಾಕು.

ಇನ್ನು ಧ್ವನಿ. ತೆಳ್ಳಗಿನ ಟಿವಿಗಳ ಸ್ಪೀಕರ್‌ಗಳು ಸಾಮಾನ್ಯವಾಗಿ ಕೆಳಗೆ ಅಥವಾ ಹಿಂದಕ್ಕೆ ಮುಖ ಮಾಡಿರುವುದರಿಂದ ಮಾತು ಗೋಡೆಗೋ ಮೇಜಿಗೋ ತಾಗಿ ನಮ್ಮನ್ನು ತಲುಪುತ್ತದೆ. ಸೋನಿ 2017ರ ಎ1 ಮಾದರಿಯಿಂದ ಬೇರೆಯೇ ದಾರಿ ಹಿಡಿದಿದೆ: ಪ್ಯಾನೆಲಿನ ಹಿಂದೆ ಅಂಟಿಸಿದ ಆಕ್ಚುಯೇಟರ್‌ಗಳು ಪರದೆಯನ್ನೇ ಕಂಪಿಸುವಂತೆ ಮಾಡುತ್ತವೆ, ಹಾಗಾಗಿ ಪರದೆಯೇ ಸ್ಪೀಕರ್ ಆಗುತ್ತದೆ. ಹಿಂಬದಿಯಲ್ಲಿ ಬೆಳಕಿನ ಪದರಗಳಿಲ್ಲದ ಓಎಲ್‌ಇಡಿಯ ತೆಳ್ಳಗಿನ ಹಾಳೆಗೆ ಈ ಉಪಾಯ ಸಹಜವಾಗಿ ಒಗ್ಗುತ್ತದೆ. ಹಿಂದೆ ನಡುವಿನಲ್ಲಿ ಕುಳಿತ ಭಾಗವತರ ಹಾಡು ಪರದೆಯ ಮೇಲೆ ಅವರು ಕಾಣುವ ಎತ್ತರದಿಂದಲೇ ಹೊರಟು ಬರುತ್ತದೆ. ಅರ್ಥಗಾರಿಕೆಯಲ್ಲಿ ಇಬ್ಬರು ವೇಷಧಾರಿಗಳು ಎರಡು ಬದಿಗಳಲ್ಲಿ ನಿಂತು ವಾದಿಸುವಾಗ, ಧ್ವನಿಮುದ್ರಣ ಸ್ಟೀರಿಯೊ ಆಗಿದ್ದರೆ, ಮಾತು ಆಯಾ ಬದಿಯಿಂದ ಬರುವುದು ಸ್ಪಷ್ಟವಾಗಿ ತಿಳಿಯುತ್ತದೆ. ಕಣ್ಣೂ ಕಿವಿಯೂ ಒಂದೇ ಜಾಗಕ್ಕೆ ಹೋಗುವುದರಿಂದ ದೀರ್ಘಕಾಲ ನೋಡಿದರೂ ಆಯಾಸವಾಗುವುದಿಲ್ಲ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳುತ್ತವೆ, ಮಹಾಪ್ರಾಣಗಳ ಉಸಿರು ಕೂಡ. ವಯಸ್ಸಾದವರು ಇರುವ ಮನೆಯಲ್ಲಿ ಇದು ದೊಡ್ಡ ಉಪಕಾರ.

ಚೆಂಡೆ ಬಂದಾಗ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಕೋಲು ಚರ್ಮಕ್ಕೆ ತಾಗುವ ಚುರುಕಾದ ಮೊದಲ ಸದ್ದು ಅದ್ಭುತವಾಗಿ ಕೇಳುತ್ತದೆ, ಮದ್ದಳೆಯ ಬೆರಳುಗಳೂ ಎಣಿಸುವಷ್ಟು ಸ್ಪಷ್ಟ. ಆದರೆ ಬಯಲಿನಲ್ಲಿ ಎದೆಗೆ ಬಡಿಯುವ ಆ ತೂಕ ಇಲ್ಲಿ ಇಲ್ಲ. ಆಳವಾದ ಮಂದ್ರಕ್ಕೆ ಹೆಚ್ಚು ಗಾಳಿಯನ್ನು ತಳ್ಳಬೇಕು, ಅದಕ್ಕೆ ಪೆಟ್ಟಿಗೆಯ ಗಾತ್ರ ಬೇಕು. ತೆಳ್ಳಗಿನ ದೇಹದೊಳಗೆ ಕೂರಿಸಿದ ಸಣ್ಣ ಸಬ್‌ವೂಫರ್‌ಗಳಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಡಾಲ್ಬಿ ಅಟ್ಮಾಸ್‌ನ ತಲೆಯ ಮೇಲಿನ ಧ್ವನಿಯೂ ಇಲ್ಲಿ ಸೂಚನೆಯಷ್ಟೇ.

ಹಾಗಾಗಿ ಸಂಗೀತವನ್ನೂ ಸಿನಿಮಾವನ್ನೂ ಗಂಭೀರವಾಗಿ ಕೇಳುವವರು ಸೌಂಡ್‌ಬಾರ್ ಮತ್ತು ಸಬ್‌ವೂಫರಿಗೆ ಮೊದಲೇ ಹಣ ಎತ್ತಿಡುವುದು ಒಳ್ಳೆಯದು. ಸೋನಿಯದೇ ಹೊಂದುವ ಸೌಂಡ್‌ಬಾರ್ ಆದರೆ ಅಕೌಸ್ಟಿಕ್ ಸೆಂಟರ್ ಸಿಂಕ್ ಮೂಲಕ ಟಿವಿಯ ಪರದೆಯನ್ನೇ ನಡುವಿನ ಸ್ಪೀಕರ್ ಆಗಿ ಉಳಿಸಿಕೊಳ್ಳಬಹುದು. ಮಾತು ಪರದೆಯಿಂದಲೇ ಬರುತ್ತದೆ, ಮಂದ್ರದ ಭಾರವನ್ನು ಪೆಟ್ಟಿಗೆ ಹೊರುತ್ತದೆ. ಒಂದು ಸಂಗತಿ ಮಾತ್ರ ಮೊದಲೇ ತಿಳಿದಿರಲಿ: ಟಿವಿಯ ನಾಲ್ಕು ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಸೆಕೆಂಡಿಗೆ 120 ಚೌಕಟ್ಟುಗಳ 4ಕೆ ಚಿತ್ರವನ್ನು ಸ್ವೀಕರಿಸುವುದು ಎರಡು ಮಾತ್ರ, ಟಿವಿಯ ಧ್ವನಿಯನ್ನು ಸೌಂಡ್‌ಬಾರಿಗೆ ಕಳಿಸಲು ಬೇಕಾದ ಇ-ಆರ್ಕ್ ಪೋರ್ಟ್ ಕೂಡ ಅವುಗಳಲ್ಲೇ ಒಂದು. ಮನೆಯಲ್ಲಿ ಎರಡು ಹೊಸ ಗೇಮಿಂಗ್ ಕನ್ಸೋಲ್‌ಗಳಿದ್ದರೆ ಯಾವುದನ್ನು ಎಲ್ಲಿಗೆ ಜೋಡಿಸಬೇಕೆಂದು ಟಿವಿಯನ್ನು ಗೋಡೆಗೆ ಬಿಗಿಯುವ ಮುನ್ನವೇ ತೀರ್ಮಾನಿಸಿಕೊಳ್ಳಬೇಕು.